ಎಕ್ಸೆಲ್ ಶೀಟಿನ ಪೂರ್ವೇತಿಹಾಸ

"ನರ್ಸಿಂಗ್ ಹೋಮ್ ಅಂದ್ರೆ, ಎಷ್ಟು ದಿನ ಇರ್ಬೇಕು?"

2025ರ ಜೂನ್ ತಿಂಗಳು. ಮೆಲ್ಬರ್ನಿನ ಆಸ್ಪತ್ರೆಯೊಂದರ ವಾರ್ಡು. ಸೊಂಟದ ಮೂಳೆ ಮುರಿದು ಐದು ವಾರದಿಂದ ಮಲಗಿದ್ದ ಅಮ್ಮ ಹೀಗೆ ಕೇಳಿದಾಗ ನಮ್ಮಿಬ್ಬರಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಬಸವನಗುಡಿಯಲ್ಲಿ ಐವತ್ತು ವರ್ಷ ಸಂಸಾರ ಮಾಡಿದವರಿಗೆ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಸೇರಿಕೊಳ್ಳುವ ಜಾಗ. ಮನೆಯಿಂದ ಕ್ಯಾರಿಯರಿನಲ್ಲಿ ಅನ್ನ ಸಾರು ಬರುತ್ತದೆ, ನೆಂಟರಿಷ್ಟರು ಮೂಸಂಬಿ ಹಿಡಿದು ನೋಡಲು ಬರುತ್ತಾರೆ, ನಾಲ್ಕನೆಯ ದಿನ ಆಟೋ ಹಿಡಿದು ಮನೆಗೆ ವಾಪಸ್ಸು. ಅದೇ ಎರಡು ಪದಕ್ಕೆ ಈ ದೇಶದಲ್ಲಿ ಬೇರೆಯೇ ಅರ್ಥ. ಇಲ್ಲಿ ಅಲ್ಲಿಗೆ ಹೋದವರು ಸಾಮಾನ್ಯವಾಗಿ ಮನೆಗೆ ವಾಪಸ್ಸಾಗುವುದಿಲ್ಲ.

"ನೋಡೋಣ ಅಮ್ಮ, ಮೊದಲು ಕಾಲು ಸರಿಹೋಗ್ಲಿ" ಎಂದು ಹೇಳಿ ಜಾರಿಕೊಂಡೆವು. ಆಸ್ಪತ್ರೆಯ ಸೋಷಿಯಲ್ ವರ್ಕರ್ ನಮಗೆ ಎರಡು ವಾರದ ಗಡುವು ಕೊಟ್ಟಿದ್ದರು. ಬೀಳುವ ಮೊದಲೇ ಶುರುವಾಗಿದ್ದ ಮರೆವು ಆಸ್ಪತ್ರೆಯಲ್ಲಿ ಒಮ್ಮೆಲೇ ಹೆಚ್ಚಾಗಿತ್ತು. ರಾತ್ರಿ ಎದ್ದು ಗ್ಯಾಸ್ ಹಚ್ಚುವವರನ್ನು, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ಯಾರಿಗೂ ಧೈರ್ಯವಿರಲಿಲ್ಲ.

ನಾವಿಬ್ಬರೂ ಸಾಫ್ಟ್‌ವೇರಿನವರು. ಮನಸ್ಸು ಕೆಟ್ಟಾಗ ಎಕ್ಸೆಲ್ ತೆರೆಯುವುದು ನಮ್ಮ ಚಟ. ಆ ರಾತ್ರಿಯೂ ಅದನ್ನೇ ಮಾಡಿದೆವು. ಎಡಗಡೆ ಹನ್ನೊಂದು ವೃದ್ಧಾಶ್ರಮಗಳ ಹೆಸರು. ಮೇಲೆ ಕಾಲಂಗಳು: ಮನೆಯಿಂದ ಎಷ್ಟು ದೂರ, ಠೇವಣಿ ಎಷ್ಟು, ಎಷ್ಟು ನಕ್ಷತ್ರ, ದಿನಕ್ಕೆ ಎಷ್ಟು ನಿಮಿಷ ಆರೈಕೆ, ಊಟಕ್ಕೆ ಎಷ್ಟು ಖರ್ಚು ಮಾಡುತ್ತಾರೆ, ತಪಾಸಣೆಯವರು ಏನೆಂದಿದ್ದಾರೆ. ಸರ್ಕಾರದ 'ಮೈ ಏಜ್ಡ್ ಕೇರ್' ತಾಣದಲ್ಲಿ ಇಷ್ಟೂ ಮಾಹಿತಿ ಸಿಗುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಟೇಬಲ್ ಭರ್ತಿಯಾಯಿತು. ನಮಗೆ ಒಂದು ರೀತಿಯ ತೃಪ್ತಿಯೂ ಆಯಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಅಮ್ಮನನ್ನು ಕಳಿಸುವ ಜಾಗವನ್ನು ಕಾರು ಕೊಳ್ಳುವ ಹಾಗೆ ತುಲನೆ ಮಾಡುತ್ತಿದ್ದೇವಲ್ಲ ಎಂದು.

ಆಮೇಲಿನ ದಿನಗಳಲ್ಲಿ, ಆಸ್ಪತ್ರೆಯಲ್ಲಿ ಕಾಯುವ ಗಂಟೆಗಳಲ್ಲಿ, ಈ ಕಾಲಂಗಳು ಎಲ್ಲಿಂದ ಬಂದವು ಎಂದು ಓದತೊಡಗಿದೆವು. ಓದಿದಷ್ಟೂ ಆ ನಾಚಿಕೆ ಕಡಿಮೆಯಾಯಿತು. ಯಾಕೆಂದರೆ ಹೀಗೆ ಹೋಲಿಸಿ ನೋಡುವ ಅವಕಾಶ ಈ ದೇಶದಲ್ಲಿ ತೀರ ಈಚಿನದು. ಒಂದೊಂದು ಕಾಲಮ್ಮಿನ ಹಿಂದೆಯೂ, ಅದು ಇಲ್ಲದಿದ್ದ ಕಾಲದಲ್ಲಿ ನರಳಿದ ಒಂದಷ್ಟು ಮುದುಕರಿದ್ದಾರೆ. ಆ ಕಥೆಯನ್ನು ಬಳಗದ ಓದುಗರ ಮುಂದಿಡೋಣ ಅನ್ನಿಸಿತು. ನಮ್ಮಲ್ಲಿ ಬಹಳ ಜನ ಈಗ ತಂದೆತಾಯಿಯರನ್ನು ಇಲ್ಲಿಗೆ ಕರೆಸಿಕೊಂಡವರು. ಇನ್ನೊಂದಿಪ್ಪತ್ತು ವರ್ಷಕ್ಕೆ ಸರದಿ ನಮ್ಮದೇ.

*

ಮೊದಲಿಗೆ ಯಾವ ಕಾಲಮ್ಮೂ ಇರಲಿಲ್ಲ, ಆರಿಸಿಕೊಳ್ಳುವ ಮಾತೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಬಡವರ ಪಾಲನೆಗೆಂದು ತೆರಿಗೆ ಎತ್ತುವ ಕಾನೂನಿತ್ತು. ಆಸ್ಟ್ರೇಲಿಯಾದ ವಸಾಹತುಗಳು ಆ ಕಾನೂನನ್ನು ತಮ್ಮಲ್ಲಿಗೆ ತರಲಿಲ್ಲ. ಅದರ ಬದಲು ಧರ್ಮಸಂಸ್ಥೆಗಳು ನಡೆಸುವ 'ಬೆನೆವೊಲೆಂಟ್ ಅಸೈಲಮ್'ಗಳು ಹುಟ್ಟಿದವು. ಸಿಡ್ನಿಯದು 1821ರಲ್ಲಿ ತೆರೆಯಿತು. ಇವತ್ತು ನಾವು ರೈಲು ಹತ್ತುವ ಸೆಂಟ್ರಲ್ ಸ್ಟೇಷನ್ ನಿಂತಿರುವುದು ಅದನ್ನು ಕೆಡವಿದ ಜಾಗದಲ್ಲಿ. ಮೆಲ್ಬರ್ನಿನದು 1851ರಲ್ಲಿ ನಾರ್ತ್ ಮೆಲ್ಬರ್ನಿನಲ್ಲಿ ಶುರುವಾಗಿ 1911ರಲ್ಲಿ ಚೆಲ್ಟನ್‌ಹ್ಯಾಮಿಗೆ ಹೋಯಿತು. ಅದೇ ಮುಂದೆ ಕಿಂಗ್‌ಸ್ಟನ್ ಸೆಂಟರ್ ಎಂಬ ಆಸ್ಪತ್ರೆಯಾಯಿತು.

1851 ಎಂದರೆ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕ ವರ್ಷ. ಚಿನ್ನ ಅಗೆಯಲು ಹಡಗು ಹತ್ತಿ ಬಂದ ಗಂಡಸರಲ್ಲಿ ಅನೇಕರಿಗೆ ಚಿನ್ನವೂ ಸಿಗಲಿಲ್ಲ, ಮದುವೆಯೂ ಆಗಲಿಲ್ಲ. ಮೂವತ್ತು ನಲವತ್ತು ವರ್ಷದ ಮೇಲೆ ಅವರು ಮುದುಕರಾದಾಗ ನೋಡಿಕೊಳ್ಳಲು ಮಕ್ಕಳಿರಲಿಲ್ಲ, ಅಣ್ಣತಮ್ಮಂದಿರೆಲ್ಲ ಏಳು ಸಮುದ್ರದಾಚೆ. ಈ ದೇಶದ ವೃದ್ಧಾಶ್ರಮಗಳು ಮೊದಲು ತುಂಬಿದ್ದು ಹೀಗೆ, ವಲಸೆ ಬಂದು ಒಂಟಿಯಾದವರಿಂದ. ಆ ಕಾಲದ ಇಂಥ ಧರ್ಮಸಂಸ್ಥೆಗಳಿಗೆ ಸೇರಬೇಕಾದರೆ ಸಾಮಾನ್ಯವಾಗಿ ಚಂದಾ ಕೊಟ್ಟ ದೊಡ್ಡ ಮನುಷ್ಯರೊಬ್ಬರ ಶಿಫಾರಸು ಬೇಕಿತ್ತು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ.

ಅದೇ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸ್ ಮೂಲದ ಕ್ರೈಸ್ತ ಸನ್ಯಾಸಿನಿಯರು, ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್, ಮೆಲ್ಬರ್ನಿನ ನಾರ್ತ್‌ಕೋಟಿನಲ್ಲಿ ಬಡ ಮುದುಕರಿಗಾಗಿ ಒಂದು ಮನೆ ಮಾಡಿದರು. ಈ ಹೆಸರು ಓದಿದಾಗ ನಮಗೆ ಥಟ್ಟನೆ ಬೆಂಗಳೂರಿನ ಹೊಸೂರು ರಸ್ತೆ ನೆನಪಾಯಿತು. ಅಲ್ಲೂ ಇದೇ ಸನ್ಯಾಸಿನಿಯರ ವೃದ್ಧಾಶ್ರಮವಿದೆ. ನಾವು ಚಿಕ್ಕವರಿದ್ದಾಗ ಬಸ್ಸು ಅದರ ಮುಂದೆ ಹಾದು ಹೋಗುವಾಗಲೆಲ್ಲ ಅಮ್ಮ, "ಪಾಪ, ಯಾರೂ ದಿಕ್ಕಿಲ್ಲದೋರು ಕಣೋ ಅಲ್ಲಿರೋದು" ಅನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ವೃದ್ಧಾಶ್ರಮ ಎಂಬ ಪದ ಅನಾಥಾಶ್ರಮದ ಪಕ್ಕದಲ್ಲೇ ಕೂತಿರುವುದು ಸುಮ್ಮನೆ ಅಲ್ಲ.

*

ಅಸೈಲಮ್ಮಿನ ಬಾಗಿಲಿಗೆ ಹೋಗದೆ ಮುದುಕರು ತಮ್ಮ ಪಾಡಿಗೆ ಬದುಕುವಂತಾಗಿದ್ದು ಪಿಂಚಣಿಯಿಂದ. 1890ರ ದಶಕದಲ್ಲಿ ಬ್ಯಾಂಕುಗಳು ಮುಳುಗಿ ಕೂಡಿಟ್ಟ ಹಣವೆಲ್ಲ ಹೋದ ಮೇಲೆ, ಬಡತನ ಸೋಮಾರಿಗಳಿಗೆ ಮಾತ್ರ ಬರುವ ರೋಗವಲ್ಲ ಎಂದು ಸರ್ಕಾರಗಳಿಗೆ ಅರ್ಥವಾಯಿತು. 1908ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ವೃದ್ಧಾಪ್ಯ ಪಿಂಚಣಿ ಕಾನೂನಾಗಿ, 1909ರ ಜುಲೈಯಿಂದ ಹಣ ಕೈಗೆ ಬರತೊಡಗಿತು. ವಾರಕ್ಕೆ 10 ಷಿಲಿಂಗ್, 65 ದಾಟಿದವರಿಗೆ, ಅದೂ ನಡತೆ ಒಳ್ಳೆಯದಿದ್ದರೆ.

ಆದರೆ ಎಲ್ಲರಿಗೂ ಅಲ್ಲ. ಈ ನೆಲದ ಮೂಲನಿವಾಸಿಗಳಿಗೆ ಇಲ್ಲ. 'ಏಷ್ಯಾಟಿಕ್'ಗಳಿಗೆ, ಅವರು ಇಲ್ಲೇ ಹುಟ್ಟಿದವರಾಗಿರದಿದ್ದರೆ, ಇಲ್ಲ. ಅಂದರೆ ಕುದುರೆಗಾಡಿಯಲ್ಲಿ ಬಟ್ಟೆ ಮಾರುತ್ತ ಹಳ್ಳಿಹಳ್ಳಿ ತಿರುಗಿ ಮುದುಕನಾದ ಪಂಜಾಬಿಯೊಬ್ಬ, ಎಷ್ಟು ವರ್ಷ ಇಲ್ಲಿದ್ದರೂ ಪಿಂಚಣಿ ಕೇಳುವಂತಿಲ್ಲ. ಇದು ಬದಲಾದ ಬಗೆ ನಮ್ಮ ಓದುಗರಿಗೆ ಕುತೂಹಲ ತಂದೀತು. ಗೋಖಲೆಯವರ ನಂತರ ಭಾರತ ಸೇವಕ ಸಮಾಜದ ಅಧ್ಯಕ್ಷರಾದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು 1922ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದು, ಇಲ್ಲಿ ನೆಲೆಸಿದ ಭಾರತೀಯರಿಗೆ ನಾಗರಿಕ ಹಕ್ಕುಗಳನ್ನು ಕೊಡಿ ಎಂದು ಊರೂರಲ್ಲಿ ಭಾಷಣ ಮಾಡಿದರು. ಅವರ ಇಂಗ್ಲಿಷ್ ಕೇಳಿ ಇಲ್ಲಿನವರು ಬೆರಗಾದರಂತೆ. 1925ರಲ್ಲಿ ಮತದಾನದ ಹಕ್ಕು ಬಂತು, 1926ರಲ್ಲಿ ಪಿಂಚಣಿ ಬಂತು. ಕಾನೂನಿನ ಮಾತು ಮಾತ್ರ "ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ ಭಾರತೀಯರು" ಎಂದಿತ್ತು. ಅಕ್ಷರಶಃ ಓದಿದರೆ ಧಾರವಾಡದಲ್ಲಿ ಹುಟ್ಟಿದವರಿಗೆ ಉಂಟು, ಮಹಾರಾಜರ ಮೈಸೂರಿನಲ್ಲಿ ಹುಟ್ಟಿದವರಿಗೆ ಇಲ್ಲ! ಅಮ್ಮ ಹುಟ್ಟಿದ್ದು ಮೈಸೂರು ಸೀಮೆಯಲ್ಲಿ. ಇಂದು ಅವರ ಬ್ಯಾಂಕ್ ಖಾತೆಗೆ ಬರುವ ಪಿಂಚಣಿಯಲ್ಲಿ, ಒಂಟಿಯಾಗಿರುವವರ ಮೂಲ ಪಿಂಚಣಿಯ ಶೇಕಡಾ 85 ಭಾಗ ವೃದ್ಧಾಶ್ರಮದ ದಿನವಹಿ ಶುಲ್ಕವಾಗಿ ಹೋಗುತ್ತದೆ. ಆ ಲೆಕ್ಕ ಹಾಕುವಾಗ ಶಾಸ್ತ್ರಿಗಳನ್ನು ನೆನೆಯದಿರಲು ಆಗಲಿಲ್ಲ.

ಠೇವಣಿಯ ಕಾಲಮ್ಮಿಗೆ ಬೇರೆ ಮೂಲ. 1954ರಲ್ಲಿ ಮೆಂಝೀಸ್ ಸರ್ಕಾರ, ಚರ್ಚುಗಳೂ ಸೇವಾಸಂಸ್ಥೆಗಳೂ ವೃದ್ಧರಿಗೆ ಮನೆ ಕಟ್ಟುವುದಾದರೆ ಅವರು ಹಾಕುವ ಪ್ರತಿ ಪೌಂಡಿಗೆ ತಾನೊಂದು ಪೌಂಡ್ ಕೊಡುವುದಾಗಿ ಕಾನೂನು ಮಾಡಿತು. 1957ರಲ್ಲಿ ಅದು ಒಂದಕ್ಕೆ ಎರಡಾಯಿತು. ಸಂಸ್ಥೆಗಳು ತಮ್ಮ ಪಾಲಿನ ಹಣವನ್ನು ಎಲ್ಲಿಂದ ತರಬೇಕು? ಅಲ್ಲಿಗೆ ಸೇರಲು ಬಂದವರಿಂದಲೇ 'ದಾನ'ವೆಂದು ಪಡೆಯುವ ರೂಢಿ ಬೆಳೆಯಿತು. ದಾನ ಕೊಡಬಲ್ಲವರಿಗೆ ಜಾಗ ಸಿಕ್ಕಿತು. 1963ರ ಜನವರಿಯಿಂದ ನರ್ಸಿಂಗ್ ಹೋಮಿನ ಪ್ರತಿ ರೋಗಿಗೆ ದಿನಕ್ಕೆ 20 ಷಿಲಿಂಗ್ ಸಹಾಯಧನ ಬಂತು. ಯಾರನ್ನು ಸೇರಿಸಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು ಎಂಬ ನಿಬಂಧನೆ ಹೆಚ್ಚೇನೂ ಇರಲಿಲ್ಲ. ಹತ್ತು ವರ್ಷದೊಳಗೆ ಹಾಸಿಗೆಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ವೃದ್ಧರ ಆರೈಕೆ ವ್ಯಾಪಾರವಾದದ್ದು ಆಗ. 1997ರಲ್ಲಿ ಹೊವಾರ್ಡ್ ಸರ್ಕಾರ ಎಲ್ಲ ನರ್ಸಿಂಗ್ ಹೋಮುಗಳಿಗೂ ಠೇವಣಿ ಕಡ್ಡಾಯ ಮಾಡಲು ಹೋಗಿ, "ಅಪ್ಪ ಅಮ್ಮನ ಮನೆ ಮಾರಬೇಕೇ?" ಎಂದು ಜನ ತಿರುಗಿಬಿದ್ದಾಗ ಒಂದೇ ತಿಂಗಳಲ್ಲಿ ಹಿಂದೆ ಸರಿಯಿತು. ಕೊನೆಗೆ 2014ರಲ್ಲಿ ಎಲ್ಲ ಕಡೆಗೂ ಬಂತು, ಆದರೆ ಒಂದು ಷರತ್ತಿನ ಮೇಲೆ: ಬೆಲೆಯನ್ನು ಮೊದಲೇ ಪ್ರಕಟಿಸಬೇಕು. ಅದಕ್ಕೆ ಮುಂಚೆ ಇದು ಮುಚ್ಚಿದ ಬಾಗಿಲ ಹಿಂದಿನ ಚೌಕಾಸಿ. ನಮ್ಮ ಟೇಬಲ್ಲಿನ ಠೇವಣಿ ಕಾಲಂ ಅಂದರೆ ಹನ್ನೊಂದೇ ವರ್ಷದ ಕೂಸು. ಮೇಲ್ಮಿತಿ, ವಿಶೇಷ ಅನುಮತಿ ಇಲ್ಲದಿದ್ದರೆ, ಮೊದಲು ಐದೂವರೆ ಲಕ್ಷ ಡಾಲರ್ ಇತ್ತು, 2025ರ ಜನವರಿಯಿಂದ ಏಳೂವರೆ ಲಕ್ಷ. ಆಗ ಪೂರ್ತಿ ಹಿಂತಿರುಗುತ್ತಿತ್ತು. 2025ರ ನವೆಂಬರ್ 1ರ ನಂತರ ಸೇರಿದವರಿಗೆ ವರ್ಷಕ್ಕೆ ಶೇಕಡಾ 2ರಂತೆ ಐದು ವರ್ಷದವರೆಗೆ ಮುರಿದುಕೊಳ್ಳುತ್ತಾರೆ. ಈ ವಿಷಯ ಬೇಕಾದವರು ಹಣಕಾಸಿನವರನ್ನು ಕೇಳುವುದು ಒಳ್ಳೆಯದು, ನಮ್ಮನ್ನಲ್ಲ.

*

ನಮ್ಮನ್ನು ಹೆಚ್ಚು ಕಾಡಿದ್ದು ತಪಾಸಣೆಯ ಕಾಲಂ.

1985ರಲ್ಲಿ ಸೆನೆಟರ್ ಪೆಟ್ರೀಷಿಯಾ ಗೈಲ್ಸ್ ಅವರ ಅಧ್ಯಕ್ಷತೆಯ ಸಮಿತಿ ಖಾಸಗಿ ನರ್ಸಿಂಗ್ ಹೋಮುಗಳ ಬಗ್ಗೆ ವರದಿ ಕೊಟ್ಟಿತು. ಅಲ್ಲಿಯವರೆಗೆ ತಪಾಸಣೆ ಅಂದರೆ ಕಟ್ಟಡದ ಅಳತೆ, ಹಾಸಿಗೆಗಳ ನಡುವಿನ ಅಂತರ, ಬೆಂಕಿ ಆರಿಸುವ ವ್ಯವಸ್ಥೆ, ಇಂಥವೇ. ಅಲ್ಲಿ ವಾಸಿಸುವವರ ಬದುಕು ಹೇಗಿದೆ ಎಂದು ಯಾರೂ ಅಳೆಯುತ್ತಿರಲಿಲ್ಲ. ಆ ವರದಿಯ ನಂತರ 1987ರಲ್ಲಿ 31 ಗುಣಮಟ್ಟಗಳ ಒಂದು ಪಟ್ಟಿ ಬಂತು. ನಿವಾಸಿಗೆ ತನ್ನಿಷ್ಟದಂತೆ ಆರಿಸಿಕೊಳ್ಳುವ ಅವಕಾಶವಿದೆಯೇ, ಮರ್ಯಾದೆ ಇದೆಯೇ, ಜಾಗ ಮನೆಯಂತಿದೆಯೇ, ಇಂಥ ಪ್ರಶ್ನೆಗಳು. ತಪಾಸಣೆಗೆ ಬಂದವರು ನಿವಾಸಿಗಳ ಪಕ್ಕದಲ್ಲಿ ಕೂತು ಮಾತಾಡಬೇಕು ಎಂಬುದು ಅದರ ಹೊಸತನ.

ಇಲ್ಲೊಂದು ಸ್ವಾರಸ್ಯವಿದೆ. "ಮನೆಯಂಥ ವಾತಾವರಣ" ಎಂಬುದನ್ನು ಅಳೆಯುವುದು ಹೇಗೆ, ಇಬ್ಬರು ತಪಾಸಣೆಗಾರರು ಎರಡು ಬಗೆಯ ಉತ್ತರ ಬರೆಯುವುದಿಲ್ಲವೇ ಎಂದು ವ್ಯಾಪಾರಿಗಳು ಗೊಣಗಿದರು. ಜಾನ್ ಮತ್ತು ವ್ಯಾಲೆರಿ ಬ್ರೈತ್‌ವೈಟ್ ಹಾಗೂ ಅವರ ಜತೆಗಾರ ಸಂಶೋಧಕರು ಇದನ್ನು ಅಮೆರಿಕದ ಪದ್ಧತಿಯ ಜೊತೆ ಹೋಲಿಸಿ ನೋಡಿದರು. ಅಲ್ಲಿ 500ಕ್ಕೂ ಹೆಚ್ಚು ಖಚಿತ ನಿಯಮಗಳಿದ್ದವು. ಹೆಚ್ಚು ವಿಶ್ವಾಸಾರ್ಹವಾಗಿ ಕಂಡದ್ದು ಆಸ್ಟ್ರೇಲಿಯಾದ 31. ಯಾಕೆಂದರೆ ಐನೂರು ನಿಯಮವಿದ್ದಾಗ ತಪಾಸಣೆಗಾರ ಅಷ್ಟನ್ನೂ ನೋಡಲಾರ, ತನಗೆ ಅಭ್ಯಾಸವಾದ ಕೆಲವನ್ನು ಮಾತ್ರ ನೋಡುತ್ತಾನೆ. ಒಬ್ಬೊಬ್ಬನದು ಒಂದೊಂದು ಅಭ್ಯಾಸ. ಸಾವಿರಾರು ಟೆಸ್ಟ್ ಕೇಸ್ ಬರೆದು ಯಾವುದನ್ನೂ ಸರಿಯಾಗಿ ಓದದ ನಮ್ಮ ವೃತ್ತಿಯವರಿಗೆ ಇದು ಹೊಸ ಸುದ್ದಿಯೇನಲ್ಲ.

1997ರ ಕಾನೂನಿನೊಂದಿಗೆ ಈ ಪದ್ಧತಿ ಹೋಗಿ, 44 ಅಂಶಗಳ ಮಾನ್ಯತೆ ಪರೀಕ್ಷೆ ಬಂತು. ಸಂಸ್ಥೆಗಳು ತಮ್ಮ ಕಾಗದಪತ್ರ ಸಿದ್ಧಮಾಡಿಕೊಂಡಿರಬೇಕು, ಪರೀಕ್ಷಕರು ದಿನಾಂಕ ತಿಳಿಸಿ ಬರುತ್ತಾರೆ.

2000ನೇ ಇಸವಿಯ ಜನವರಿಯಲ್ಲಿ ಮೆಲ್ಬರ್ನಿನ ಪ್ಯಾಟರ್ಸನ್ ಲೇಕ್ಸಿನ ರಿವರ್‌ಸೈಡ್ ನರ್ಸಿಂಗ್ ಹೋಮಿನಲ್ಲಿ ಕಜ್ಜಿ ಹರಡಿತು. ಅದಕ್ಕೆ ಮದ್ದೆಂದು ಅಲ್ಲಿನ 57 ವೃದ್ಧರಿಗೆ ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಸ್ನಾನ ಮಾಡಿಸಿದರು. ಕೆಲವರ ಮೈಯೆಲ್ಲ ಬೊಬ್ಬೆಯೆದ್ದಿತು. ಸುದ್ದಿ ಹೊರಬಂದಾಗ ದೇಶವೇ ದಂಗಾಯಿತು, ಸಚಿವೆ ಬ್ರಾನ್‌ವಿನ್ ಬಿಷಪ್ ಅವರ ರಾಜೀನಾಮೆಗೆ ಒತ್ತಾಯ ಬಂತು. ಮಾರ್ಚಿಯಲ್ಲಿ ಆ ಮನೆಯನ್ನು ಮುಚ್ಚಿ, ಅಲ್ಲಿದ್ದವರನ್ನು ಬೇರೆ ಬೇರೆ ಕಡೆಗೆ ಸಾಗಿಸಿದರು. ಶಿಕ್ಷೆಯಾದದ್ದು ಸಂಸ್ಥೆಗೆ. ಅದನ್ನು ಅನುಭವಿಸಿದ್ದು, ಇದ್ದಕ್ಕಿದ್ದಂತೆ ತಮ್ಮ ಹಾಸಿಗೆ, ಕಿಟಕಿ, ಪಕ್ಕದ ಕೋಣೆಯ ಪರಿಚಯ ಕಳೆದುಕೊಂಡ ಮುದುಕರು. ಅನಂತರ, ಹೇಳದೆ ಕೇಳದೆ ಬಂದು ನೋಡುವ ತಪಾಸಣೆಗಳು ಹೆಚ್ಚಾದವು.

ಆದರೆ ಮಾನ್ಯತೆಯನ್ನು ನವೀಕರಿಸುವ ದೊಡ್ಡ ಪರೀಕ್ಷೆ ಮಾತ್ರ ಮೊದಲಿನಂತೆ ದಿನಾಂಕ ತಿಳಿಸಿಯೇ ನಡೆಯುತ್ತಿತ್ತು. ಅದರ ಫಲ ಕಂಡದ್ದು ಅಡಿಲೇಡಿನ ಓಕ್‌ಡೆನ್‌ನಲ್ಲಿ. ಇದು ಖಾಸಗಿ ವ್ಯಾಪಾರವಲ್ಲ, ದಕ್ಷಿಣ ಆಸ್ಟ್ರೇಲಿಯಾ ಸರ್ಕಾರವೇ ನಡೆಸುತ್ತಿದ್ದ ಜಾಗ. ತೀವ್ರ ಮರೆವು, ಮಾನಸಿಕ ಕಾಯಿಲೆ ಇರುವ ವೃದ್ಧರಿಗೆಂದೇ ಇದ್ದದ್ದು. ಒಂದು ಕುಟುಂಬದವರು ತಮ್ಮ ಮನೆಯ ಹಿರಿಯರ ಮೈಮೇಲೆ ಬಾಸುಂಡೆ ಕಂಡು, ಮಿತಿಮೀರಿ ಔಷಧಿ ಕೊಟ್ಟಿದ್ದನ್ನು ಕಂಡು ದೂರು ಕೊಟ್ಟರು. ಸುಮ್ಮನಾಗದೆ ಕೇಳುತ್ತಲೇ ಹೋದರು. ರಾಜ್ಯದ ಮುಖ್ಯ ಮನೋವೈದ್ಯರ ವರದಿ 2017ರ ಏಪ್ರಿಲಿನಲ್ಲಿ ಹೊರಬಂದಾಗ ಕಟ್ಟಿಹಾಕುವುದು, ಕೂಡಿಹಾಕುವುದು, ವರ್ಷಗಟ್ಟಲೆಯ ನಿರ್ಲಕ್ಷ್ಯ ಎಲ್ಲವೂ ಬಯಲಾಯಿತು. ಅದೇ ವರ್ಷ ಮುಚ್ಚಿದರು.

ನಮಗೆ ನಿದ್ದೆ ಕೆಡಿಸಿದ ಸಂಗತಿ ಬೇರೆ. 2016ರ ಮೊದಲ ತಿಂಗಳುಗಳಲ್ಲಿ, ಅಂದರೆ ಆ ಕುಟುಂಬ ಬಾಸುಂಡೆ ನೋಡಿದ ಸುಮಾರಿಗೇ, ಓಕ್‌ಡೆನ್ ಮಾನ್ಯತೆ ಪರೀಕ್ಷೆಯಲ್ಲಿ 44ಕ್ಕೆ 44 ಪಡೆದಿತ್ತು. ಹಾಗಾದರೆ ನಮ್ಮ ಟೇಬಲ್ಲಿನಲ್ಲಿ "ಎಲ್ಲ ಅಂಶಗಳಲ್ಲೂ ತೇರ್ಗಡೆ" ಎಂದು ಹಸಿರು ಬಣ್ಣ ತುಂಬಿದ್ದೇವಲ್ಲ, ಆ ಹಸಿರಿಗೆ ಅರ್ಥವೇನು? 2018ರ ಜುಲೈಯಿಂದ ಮಾನ್ಯತೆ ಪರೀಕ್ಷೆಗೂ ಮುನ್ಸೂಚನೆ ಇಲ್ಲದೆ ಬರತೊಡಗಿದರು ಎಂಬುದಷ್ಟೇ ಸಮಾಧಾನ. ಆ ಕಾಲಮ್ಮಿನ ಹಸಿರನ್ನು ತೆಗೆದು, ವರದಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆವು. ಒಂದು ಕಡೆ, ನಿವಾಸಿಯೊಬ್ಬರು ಕರೆಗಂಟೆ ಒತ್ತಿ ಬಹಳ ಹೊತ್ತು ಕಾಯಬೇಕಾಗುತ್ತದೆ ಎಂದಿದ್ದಾರೆ ಎಂಬ ಒಂದು ಸಾಲು ಕಂಡಿತು. ನಾಲ್ಕು ನಕ್ಷತ್ರದ ಮನೆ ಅದು. ಪಟ್ಟಿಯಿಂದ ತೆಗೆದೆವು.

*

ಓಕ್‌ಡೆನ್ ನಂತರ 2018ರ ಅಕ್ಟೋಬರಿನಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ಮರುವರ್ಷ ಅದು ಕೊಟ್ಟ ಮಧ್ಯಂತರ ವರದಿಯ ಹೆಸರು ಒಂದೇ ಪದ, 'ನಿರ್ಲಕ್ಷ್ಯ'. ಕೊನೆಯ ವರದಿ 2021ರ ಮಾರ್ಚ್ 1ರಂದು ಬಂತು, 148 ಶಿಫಾರಸುಗಳೊಂದಿಗೆ. ಇಂದು ನಾವು ಹೋಲಿಸಿ ನೋಡುವ ಬಹುಪಾಲು ಕಾಲಂಗಳು ಅಲ್ಲಿಂದ ಹುಟ್ಟಿದವು.

ನಿಮಿಷಗಳ ಕಾಲಮ್ಮನ್ನೇ ನೋಡಿ. 1987ರ ಸುಧಾರಣೆಯ ಕಾಲದಲ್ಲಿ, ಆರೈಕೆಗೆಂದು ಕೊಟ್ಟ ಸರ್ಕಾರದ ಹಣವನ್ನು ಆರೈಕೆಗೇ ಖರ್ಚು ಮಾಡಬೇಕು, ಉಳಿದರೆ ವಾಪಸ್ಸು ಕೊಡಬೇಕು ಎಂಬ ನಿಯಮವಿತ್ತು. 1997ರಲ್ಲಿ ಅದನ್ನು ತೆಗೆದುಹಾಕಿದರು. ಅನಂತರದ ಇಪ್ಪತ್ತು ವರ್ಷ, ಒಬ್ಬ ದಾದಿಗೆ ಎಷ್ಟು ಮುದುಕರು ಎಂಬ ಲೆಕ್ಕವನ್ನು ಹೊರಗಿನವರು ಕೇಳುವಂತೆಯೇ ಇರಲಿಲ್ಲ. ರಾಯಲ್ ಕಮಿಷನ್ನಿಗಾಗಿ ವುಲಂಗಾಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಮಾಡಿದ ಅಧ್ಯಯನದಲ್ಲಿ, ಶೇಕಡಾ 57.6ರಷ್ಟು ನಿವಾಸಿಗಳು ಸಿಬ್ಬಂದಿ ಸಾಲದ, ಒಂದು ಅಥವಾ ಎರಡು ನಕ್ಷತ್ರದ ಮಟ್ಟದ ಮನೆಗಳಲ್ಲಿದ್ದಾರೆ ಎಂದು ತಿಳಿಯಿತು. ಈಗ ನಿಯಮ ಕಟ್ಟುನಿಟ್ಟು. 2023ರ ಜುಲೈಯಿಂದ ಇಪ್ಪತ್ತನಾಲ್ಕು ಗಂಟೆಯೂ ಒಬ್ಬ ನೋಂದಾಯಿತ ನರ್ಸ್ ಇರಬೇಕು. 2024ರ ಅಕ್ಟೋಬರಿನಿಂದ ಸರಾಸರಿ ಒಬ್ಬ ನಿವಾಸಿಗೆ ದಿನಕ್ಕೆ 215 ನಿಮಿಷದ ಆರೈಕೆ, ಅದರಲ್ಲಿ 44 ನಿಮಿಷ ನರ್ಸಿನದು. ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಅಮ್ಮ ನಮ್ಮನ್ನು ಸಾಕಿದಾಗ ಇಂಥ ಲೆಕ್ಕ ಯಾರೂ ಇಟ್ಟಿರಲಿಲ್ಲ, ಆ ಮಾತು ಬಿಡಿ.

ಊಟದ ಕಾಲಂ ಇನ್ನೂ ನೋವಿನದು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಬ್ಬ ನಿವಾಸಿಯ ಇಡೀ ದಿನದ ಆಹಾರ ಸಾಮಗ್ರಿಗೆ ಖರ್ಚಾಗುತ್ತಿದ್ದುದು ಸರಾಸರಿ 6 ಡಾಲರ್ 8 ಸೆಂಟ್. ಮೆಲ್ಬರ್ನಿನಲ್ಲಿ ಒಂದು ಕಾಫಿ, ಜತೆಗೆ ಒಂದು ಬಿಸ್ಕತ್ತು. ರಾಯಲ್ ಕಮಿಷನ್ ನಂತರ, 2021ರ ಜುಲೈಯಿಂದ, ಊಟ ಉಪಚಾರ ಸುಧಾರಿಸಲೆಂದು ದಿನಕ್ಕೆ 10 ಡಾಲರ್ ಹೆಚ್ಚುವರಿ ಬಂತು, ಖರ್ಚಿನ ಲೆಕ್ಕ ಕೊಡುವುದೂ ಬಂತು.

ನಕ್ಷತ್ರಗಳು 2022ರ ಡಿಸೆಂಬರಿನಲ್ಲಿ ಶುರುವಾದವು. ಶುರುವಾದಾಗಿನ ಲೆಕ್ಕ ಹೀಗಿತ್ತು: ನಿವಾಸಿಗಳ ಅನುಭವಕ್ಕೆ ಶೇಕಡಾ 33, ನಿಯಮಪಾಲನೆಗೆ 30, ಸಿಬ್ಬಂದಿಗೆ 22, ಬೀಳುವುದು, ಹಾಸಿಗೆ ಹುಣ್ಣು, ತೂಕ ಇಳಿಯುವುದು ಮುಂತಾದ ಅಳತೆಗಳಿಗೆ 15. ಇಂಥ ಸರಾಸರಿಯಲ್ಲಿ ಸಿಬ್ಬಂದಿಯ ಕೊರತೆ ಸುಲಭವಾಗಿ ಅಡಗಿಕೊಳ್ಳುತ್ತದೆ. ಆದ್ದರಿಂದ ನಾವು ಒಟ್ಟು ನಕ್ಷತ್ರವನ್ನು ಬಿಟ್ಟು, ನಾಲ್ಕನ್ನೂ ಬಿಡಿಬಿಡಿಯಾಗಿ ಬರೆದುಕೊಂಡೆವು. ಹಾಗೆ ಮಾಡಿದ ಮೇಲೆ ಪಟ್ಟಿಯ ಮೊದಲ ಮೂರು ಹೆಸರುಗಳು ಬದಲಾದವು.

*

ಒಂದು ಕಾಲಂ ಕೊನೆಯವರೆಗೆ ಖಾಲಿ ಉಳಿಯಿತು. ಭಾಷೆ.

ಮರೆವಿನ ಕಾಯಿಲೆಯಲ್ಲಿ ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಹೋಗುವುದು, ಚಿಕ್ಕಂದಿನ ಭಾಷೆ ಉಳಿಯುವುದು ಅನೇಕರಲ್ಲಿ ಕಾಣುತ್ತದೆ. ಅಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಓದಿದವರು, ಇಲ್ಲಿ ಹದಿಮೂರು ವರ್ಷ ಟ್ರಾಮಿನಲ್ಲಿ, ಅಂಗಡಿಯಲ್ಲಿ ಧೈರ್ಯವಾಗಿ ಮಾತಾಡಿದವರು. ಆಸ್ಪತ್ರೆಯಲ್ಲಿ ಆ ಇಂಗ್ಲಿಷ್ ಒಂದೊಂದೇ ಪದವಾಗಿ ಉದುರಿಹೋಯಿತು. ನರ್ಸ್ "ಪೇನ್?" ಎಂದರೆ ಸುಮ್ಮನೆ ನಗುತ್ತಿದ್ದರು.

ನಮಗಿಂತ ಮೊದಲು ಬಂದವರು ಇದನ್ನು ಕಂಡಿದ್ದರು. ಮೆಲ್ಬರ್ನಿನ ಯಹೂದಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ತಮ್ಮ ವೃದ್ಧರಿಗೆ ಮನೆ ಮಾಡಿಕೊಂಡರು. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆ ಕೆಲಸಕ್ಕೆ ಬಂದ ಇಟಲಿಯವರು, ಗ್ರೀಕರು, ತಮಗೆ ವಯಸ್ಸಾಗುವ ಹೊತ್ತಿಗೆ ಚಂದಾ ಎತ್ತಿ, ಚರ್ಚು ಸಂಘಗಳನ್ನು ಹಿಡಿದು, ತಮ್ಮವೇ ಮನೆಗಳನ್ನು ಕಟ್ಟಿದರು. ವಲಸಿಗರಿಗೆ ಅವರದೇ ಸಂಘಗಳ ಮೂಲಕ ಸೇವೆ ಒದಗಿಸಬೇಕೆಂದು 1978ರ ಗ್ಯಾಲ್ಬಲಿ ವರದಿ ಹೇಳಿದ್ದು ಅವರಿಗೆ ಬಲ ಕೊಟ್ಟಿತು. ಅಲ್ಲಿ ಊಟಕ್ಕೆ ಪಾಸ್ತಾ, ಆಟಕ್ಕೆ ಇಸ್ಪೀಟು, ಬೈಗುಳಕ್ಕೂ ತಾಯ್ನುಡಿ. ನಮ್ಮವರು ಇಲ್ಲಿಗೆ ಹೆಚ್ಚಾಗಿ ಬಂದದ್ದು 1990ರ ದಶಕದ ಈಚೆಗೆ. ರಾಜ್ಯೋತ್ಸವಕ್ಕೆ ಸಭಾಂಗಣ ಹುಡುಕುವುದರಲ್ಲೇ ಇದ್ದೇವೆ.

ಹಾಗೆಂದು ತಮ್ಮವರ ಮನೆ ಎಂದರೆ ಎಲ್ಲ ಭದ್ರ ಎಂದೂ ಅಲ್ಲ. 2020ರ ಜುಲೈನಲ್ಲಿ ಮೆಲ್ಬರ್ನಿನ ಫಾಕ್ನರ್‌ನಲ್ಲಿರುವ, ಗ್ರೀಕ್ ಆರ್ಥೊಡಾಕ್ಸ್ ಸಮುದಾಯದ ಸೇಂಟ್ ಬೇಸಿಲ್ಸ್ ಮನೆಗೆ ಕೊರೋನಾ ಹೊಕ್ಕಿತು. ಸೋಂಕಿತರ ಸಂಪರ್ಕದಲ್ಲಿದ್ದರೆಂದು ಇಡೀ ಸಿಬ್ಬಂದಿಯನ್ನು ಒಮ್ಮೆಗೇ ಹೊರಗಿಟ್ಟು, ಬದಲಿಗೆ ಹೊಸಬರನ್ನು ಕಳಿಸಿದರು. ಯಾರು ಯಾರೆಂದು ಗೊತ್ತಿಲ್ಲ, ಯಾರಿಗೆ ಊಟ ತಿನ್ನಿಸಬೇಕು, ಯಾರು ತಾವೇ ತಿನ್ನುತ್ತಾರೆ ಗೊತ್ತಿಲ್ಲ. ಅಲ್ಲಿ 50 ನಿವಾಸಿಗಳು ಸತ್ತರು, ಅದರಲ್ಲಿ 45 ಮಂದಿ ಕೊರೋನಾದಿಂದ. ಪಕ್ಕದಲ್ಲಿ ಪರಿಚಿತ ಮುಖ ಇರುವುದು ಎಷ್ಟು ದೊಡ್ಡದೆಂದು ಆ ದಿನಗಳ ವಿವರ ಓದುವಾಗ ತಿಳಿಯುತ್ತದೆ.

ಹೀಗಾಗಿ ಕೊನೆಗೆ ಉಳಿದ ನಾಲ್ಕು ಮನೆಗಳಿಗೆ, ಅಪಾಯಿಂಟ್‌ಮೆಂಟ್ ಬೆಳಗಿನದಾದರೂ ಬೇಕೆಂದೇ ಮಧ್ಯಾಹ್ನದ ಊಟದ ಹೊತ್ತಿನವರೆಗೆ ನಿಂತು ನೋಡಿದೆವು. ಎಲ್ಲ ಕಡೆಯೂ ಕೇಳಿದ ಪ್ರಶ್ನೆ ಒಂದೇ: ಇಲ್ಲಿ ಕೆಲಸಕ್ಕೆ ಬಂದವರು ಎಷ್ಟು ವರ್ಷ ಉಳಿಯುತ್ತಾರೆ? ಒಂದು ಕಡೆ ಮ್ಯಾನೇಜರ್ ಮಾತು ತಪ್ಪಿಸಿ ಹೊಸ ಸಿನಿಮಾ ಕೋಣೆ ತೋರಿಸಿದರು. ಇನ್ನೊಂದು ಕಡೆ, ಕಾರ್ಪೆಟ್ ಹಳೆಯದು, ಕಟ್ಟಡ ಸಾಧಾರಣ. ಆದರೆ ಊಟ ಬಡಿಸುತ್ತಿದ್ದ ಹೆಂಗಸು ಒಂಬತ್ತು ವರ್ಷದಿಂದ ಅಲ್ಲೇ ಇದ್ದರು. ನೇಪಾಳದವರು. ಒಬ್ಬ ಅಜ್ಜನ ಮುಂದೆ ಮಂಡಿಯೂರಿ ಕೂತು, ಆತ ಚಮಚ ಎತ್ತುವವರೆಗೆ ಕಾದರು. ಎಷ್ಟೋ ಹೊತ್ತು ಕಾದರು. ನಮ್ಮ ಟೇಬಲ್ಲಿನಲ್ಲಿ ಆ ಮನೆ ಐದನೆಯ ಸ್ಥಾನದಲ್ಲಿತ್ತು. ಅಮ್ಮನನ್ನು ಸೇರಿಸಿದ್ದು ಅಲ್ಲಿಗೆ.

ಮೊದಲ ವಾರ ಎಡವಟ್ಟಾಯಿತು. ಅಮ್ಮ ಊಟ ನಿರಾಕರಿಸುತ್ತಿದ್ದಾರೆ ಎಂದು ಫೋನು ಬಂತು. ಹೋಗಿ ನೋಡಿದರೆ, ಬಡಿಸುವವರು ಇನ್ನೂ ಬೇಕೇ ಎಂದು ಸನ್ನೆ ಮಾಡಿದಾಗ ಅಮ್ಮ "ಬೇಕು" ಅನ್ನುತ್ತಿದ್ದರು, ಹುಡುಗಿಯೊಬ್ಬಳು ಅದನ್ನು ಬೇಡ ಎಂದು ತಿಳಿದು ತಟ್ಟೆ ಎತ್ತುತ್ತಿದ್ದಳು. ಆ ರಾತ್ರಿ ನಾವು ಎಕ್ಸೆಲ್ಲಿನಲ್ಲಿ ಇನ್ನೊಂದು ಹಾಳೆ ತೆರೆದು ಮೂವತ್ತು ಪದಗಳನ್ನು ಬರೆದೆವು. ನೀರು, ನೋವು, ಬೇಕು, ಬೇಡ, ಸಾಕು, ಬಚ್ಚಲು, ಚಳಿ, ಮೊಸರು. ಎದುರಿಗೆ ಇಂಗ್ಲಿಷ್ ಲಿಪಿಯಲ್ಲಿ ಉಚ್ಚಾರಣೆ, ಅದರ ಮುಂದೆ ಅರ್ಥ, ಸಣ್ಣ ಚಿತ್ರ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಮ್ಮನ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆವು. ಆ ಹುಡುಗಿ ಈಗ "ಸಾಕಾ, ಬೇಕಾ?" ಎಂದು ಸರಿಯಾಗಿ ಕೇಳುತ್ತಾಳೆ. "ಳ" ಇರುವ ಪದಗಳು ಅವಳಿಗೆ ಬರುವುದಿಲ್ಲ, ಅಮ್ಮ ತಿದ್ದುತ್ತಾರೆ.

ಪದಗಳ ಹಾಳೆಯೂ ಕಾಲಂಗಳ ಟೇಬಲ್ಲೂ ಬೇಕಾದವರು ಬಳಗದ ಕಾರ್ಯದರ್ಶಿಗಳ ಮೂಲಕ ಕೇಳಿದರೆ ಕಳಿಸಿಕೊಡುತ್ತೇವೆ. ಠೇವಣಿಯ ಮೊತ್ತಗಳು 2025ರವು, ಅವನ್ನು ಮಾತ್ರ ಮತ್ತೊಮ್ಮೆ ನೋಡಿಕೊಳ್ಳಿ.